ಪಟ್ಟಿ ಬಿಡಿ, ಹೊಳೆ ಹಿಡಿಯಿರಿ

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಯಜಮಾನರ ಮೂಲ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಈಗ ಅಲ್ಲಿ ಭಾವನವರಿದ್ದಾರೆ. ಡಿಸೆಂಬರ್ ರಜೆಗೆ ನಮ್ಮದೇ ಕಾರಿನಲ್ಲಿ ಹೋಗಿ ಮೂರು ದಿನ ಇರಬೇಕು ಅಂತ ಇದ್ದೇವೆ. ಅತ್ತೆಗೆ 74, ಮಂಡಿ ನೋವು. ಮಗನಿಗೆ 12. ಮಗಳಿಗೆ 6, ತಿರುವು ಬಂದರೆ ವಾಂತಿ. ಹೋದ ಸಲ ಒಂದೇ ದಿನ ಏಳು ಜಾಗ ಸುತ್ತಿದೆವು. ಸಂಜೆ ಮನೆ ಮುಟ್ಟುವಾಗ ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಈ ಸಲ ಎಲ್ಲೆಲ್ಲಿ ನಿಲ್ಲಿಸಿದರೆ ಒಳ್ಳೆಯದು?

ಉತ್ತರ: ಒಂದೇ ದಿನ ಏಳು ಜಾಗ ಅಂದರೆ ನೀವು ನೋಡಿದ್ದು ಏಳು ಪಾರ್ಕಿಂಗ್. ಬೇಸರ ಮಾಡಿಕೊಳ್ಳಬೇಡಿ, ಕಾಸರಗೋಡು, ಸುಳ್ಯ, ಮಡಿಕೇರಿ ರಸ್ತೆಯಲ್ಲಿ 28 ವರ್ಷ ಬಾಡಿಗೆಗೆ ಓಡಿದವನು ನಾನು. ಮೊದಲು ಜೀಪು, ಆಮೇಲೆ ಅಂಬಾಸಿಡರ್, ಕೊನೆಗೆ ಇನ್ನೋವಾ. ಹತ್ತು ಜಾಗದ ಪಟ್ಟಿ ಹಿಡಿದು ಬೆಳಿಗ್ಗೆ ಆರಕ್ಕೆ ಹತ್ತಿದವರು ಮಧ್ಯಾಹ್ನ ಎರಡಕ್ಕೆ ಜಗಳಾಡುವುದನ್ನು ಕನ್ನಡಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ನನ್ನ ಸಲಹೆ ಇಷ್ಟು. ಪಟ್ಟಿ ಬಿಡಿ, ಒಂದು ಹೊಳೆ ಹಿಡಿಯಿರಿ. ನೀವು ಬರುವ ದಾರಿಯಲ್ಲೇ ಅದು ಇದೆ. ಕೊಡಗಿನ ಪಟ್ಟಿಘಾಟ್ ಕಾಡಿನ ಕಡೆ ಹುಟ್ಟುವ ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಕೇರಳಕ್ಕೆ ಬರುತ್ತದೆ. ಕಾಸರಗೋಡಿನ ಹತ್ತಿರ ಅದಕ್ಕೇ ಚಂದ್ರಗಿರಿ ಹೊಳೆ ಅನ್ನುತ್ತಾರೆ. ತಳಂಗರೆಯ ಬಳಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ ಸುಮಾರು 105 ಕಿ.ಮೀ. ಮಡಿಕೇರಿ ಘಾಟಿ ಇಳಿದಲ್ಲಿಂದ ನಿಮ್ಮ ಕಾರು ಹೆಚ್ಚುಕಡಿಮೆ ಇದರ ಜೊತೆಗೇ ಓಡುತ್ತದೆ. ಎಡಕ್ಕೋ ಬಲಕ್ಕೋ, ಮರದ ಸಂದಿಯಲ್ಲಿ ಕಾಣುತ್ತಾ ಮರೆಯಾಗುತ್ತಾ ಬರುತ್ತದೆ. ಮಗನ ಕೈಗೆ ಮೊಬೈಲ್ ಬದಲು ಈ ಕೆಲಸ ಕೊಡಿ: ಹೊಳೆ ಈಗ ಎಲ್ಲಿದೆ ಅಂತ ಅವನು ಹೇಳಬೇಕು.

ಹೊರಡುವುದು ಬೆಳಿಗ್ಗೆ ಐದೂವರೆಗೆ. ಮೈಸೂರಿನಿಂದ ಬದಿಯಡ್ಕಕ್ಕೆ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಇಡೀ ದಿನ ಅದಕ್ಕೇ ಇಡಿ. ಕುಶಾಲನಗರ, ಬೈಲುಕುಪ್ಪೆ ಎಲ್ಲ ನೀವು ಇನ್ನೊಂದು ಭಾನುವಾರ ನೋಡಬಹುದು, ಅಲ್ಲಿ ತಿಂಡಿ ತಿಂದು ಮುಂದೆ ಹೋಗಿ. ತಿಂಡಿ ಅಂದರೆ ಇಡ್ಲಿ. ಮಗಳಿಗೆ ಪೂರಿ ಬೇಡ. ಖಾಲಿ ಹೊಟ್ಟೆಯೂ ಬೇಡ. ಖಾಲಿ ಹೊಟ್ಟೆಯಲ್ಲಿ ವಾಂತಿ ಇನ್ನೂ ಬೇಗ ಬರುತ್ತದೆ.

ವಾಂತಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರವಾಸ ನಿಂತಿರುವುದು ಅದರ ಮೇಲೆಯೇ. ಕಾರು ತಿರುಗುವುದು ಕಿವಿಯೊಳಗಿನ ಭಾಗಕ್ಕೆ ಗೊತ್ತಾಗುತ್ತದೆ. ಕಣ್ಣು ಮಾತ್ರ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಾ ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಈ ಎರಡರ ಜಗಳಕ್ಕೇ ಹೊಟ್ಟೆ ತೊಳಸುವುದು. ಹಾಗಾಗಿ ಮಗಳನ್ನು ಹಿಂದಿನ ಸೀಟಿನ ನಡುವೆ, ಮುಂದಿನ ಗಾಜಿನಿಂದ ದೂರದ ರಸ್ತೆ ಕಾಣುವ ಹಾಗೆ ಕೂರಿಸಿ, ಬೆಲ್ಟ್ ಹಾಕಿ. ಕಿಟಕಿ ಸ್ವಲ್ಪ ಇಳಿಸಿ. ಮಾತ್ರೆ ಕೊಡುವುದಿದ್ದರೆ ಡಾಕ್ಟರನ್ನು ಕೇಳಿ, ಮಡಿಕೇರಿ ಬರುವ ಮೊದಲೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೇ.

ಇನ್ನೊಂದು ಮಾತು ನಿಮ್ಮ ಯಜಮಾನರಿಗೆ. ಮಗು ವಾಂತಿ ಮಾಡುವುದಕ್ಕೆ ಅರ್ಧ ಕಾರಣ ಡ್ರೈವರ್. ನನಗೆ ಘಾಟಿ ಕಲಿಸಿದವರು ಸಂಪಾಜೆಯ ಒಬ್ಬ ಹಳೆಯ ಲಾರಿ ಡ್ರೈವರ್. ಡ್ಯಾಶ್‌ಬೋರ್ಡಿನ ಮೇಲೆ ಸ್ಟೀಲ್ ಲೋಟದಲ್ಲಿ ಕಂಠಮಟ್ಟ ನೀರು ಇಟ್ಟು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಅದು ಚೆಲ್ಲಬಾರದು ಅಂದಿದ್ದರು. ಮೊದಲ ದಿನ ಎರಡನೇ ತಿರುವಿಗೇ ನನ್ನ ಪ್ಯಾಂಟು ಒದ್ದೆ. ಆಮೇಲೆ ಅರ್ಥವಾಯಿತು. ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ತಬಾರದು, ಮೊದಲೇ ವೇಗ ಇಳಿಸಿಕೊಂಡು ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆಯೇ ಇಳಿಯಬೇಕು. ಲೋಟ ನೀವು ಇಡಬೇಡಿ. ಇದೆ ಅಂತ ಅಂದುಕೊಂಡು ಓಡಿಸಿದರೆ ಸಾಕು. ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ಬೆಳಿಗ್ಗೆ ಮಂಜು ಇರುತ್ತದೆ, ನಿಧಾನ ಹೋಗುವುದಕ್ಕೆ ಒಂದು ನೆಪವೂ ಸಿಕ್ಕಿತು.

ಘಾಟಿ ಇಳಿಯುತ್ತಾ ಬಂದರೆ ಕೊಯನಾಡು. ರಸ್ತೆ ಬದಿಯಲ್ಲೇ ಗಣಪತಿ ದೇವಸ್ಥಾನ. ಈ ರಸ್ತೆಯ ಡ್ರೈವರುಗಳು ಅಲ್ಲಿ ನಿಲ್ಲಿಸದೆ ಹೋಗುವುದು ಕಡಿಮೆ. ತಿಂಡಿ ಬಿಟ್ಟರೆ ಇದೇ ನಿಮ್ಮ ಮೊದಲ ನಿಲುಗಡೆ. ಅತ್ತೆಯವರು ಕೈಮುಗಿದು ಕೂತಿರಲಿ. ಮಕ್ಕಳನ್ನು ಹೊಳೆಯ ಅಂಚಿಗೆ ಕರೆದುಕೊಂಡು ಹೋಗಿ. ನೀರಿಗಿಳಿಯುವುದು ಬೇಡ, ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಇಲ್ಲಿ ಪಯಸ್ವಿನಿ ಇನ್ನೂ ಸಣ್ಣ ತೊರೆ. ತಳದಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು ಕಾಣುತ್ತವೆ. ಮಗ ಒಂದು ಕಲ್ಲು ಆರಿಸಿಕೊಳ್ಳಲಿ. ಅದು ಕಾರಿನ ಬಾಗಿಲಿನ ಗೂಡಿನಲ್ಲಿ ಮೂರು ದಿನ ಇರಲಿ, ಕಾರಣ ಆಮೇಲೆ ಹೇಳುತ್ತೇನೆ.

ಅಲ್ಲಿಂದ ಸಂಪಾಜೆ, ಅರಂತೋಡು ದಾಟಿ ಸುಳ್ಯ ಸಿಗುವ ಮೊದಲು ಅರಂಬೂರು. ತೂಗುಸೇತುವೆಗಳಿಗೆ ಹೆಸರಾದ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ತಮ್ಮ ಮೊದಲ ಸೇತುವೆ ಕಟ್ಟಿದ್ದು ಇಲ್ಲೇ, ಇದೇ ಹೊಳೆಗೆ. ಆಮೇಲೆ ಅವರು ದೇಶದ ಎಷ್ಟೋ ಹಳ್ಳಿಗಳಲ್ಲಿ ಅಂಥ ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಈ ಹೊಳೆ ದಾಟಲಾಗದೆ ಶಾಲೆ ತಪ್ಪಿಸಿಕೊಂಡ ಮಕ್ಕಳು ಇಲ್ಲಿ ಬೇಕಾದಷ್ಟು ಇದ್ದರು. ನಿಮ್ಮ ಯಜಮಾನರಿಗೂ ಅಂಥ ಒಂದು ಕತೆ ಇರಬಹುದು, ಕೇಳಿ ನೋಡಿ.

ಸುಳ್ಯದಲ್ಲಿ ಊಟ. ಬಡಿಸುವವರು "ಬೆಳ್ತಿಗೆಯಾ, ಕುಚ್ಚಿಲಾ?" ಅಂತ ಕೇಳುತ್ತಾರೆ. ಮೈಸೂರಿನ ಮಕ್ಕಳಿಗೆ ಬೆಳ್ತಿಗೆ ಹೇಳಿ, ಅದು ನಿಮ್ಮ ಬಿಳಿ ಅನ್ನ. ಕುಚ್ಚಿಲು ಅಂದರೆ ಕುಸುಬಲಕ್ಕಿ ಅನ್ನ, ಒಂದು ತುತ್ತು ರುಚಿ ನೋಡಲಿ ಸುಮ್ನೆ. ಇನ್ನು ಮುಂದೆ ಎಳನೀರು ಬೇಕಿದ್ದರೆ "ಬೊಂಡ" ಕೇಳಿ. ನಾನು ಕರೆದುಕೊಂಡು ಬಂದ ಮೈಸೂರಿನ ಹುಡುಗನೊಬ್ಬ ಮುಳ್ಳೇರಿಯದಲ್ಲಿ "ಬೊಂಡ ಇದೆ" ಅಂದದ್ದು ಕೇಳಿ ಕುಣಿದಿದ್ದ. ಕೈಗೆ ತೂತು ಕೊರೆದ ಎಳನೀರು ಬಂದಾಗ ಅವನ ಮುಖ ನೋಡಬೇಕಿತ್ತು. ಆಲೂಗಡ್ಡೆಯದ್ದು ಅಂದುಕೊಂಡಿದ್ದನಂತೆ.

ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೆ ಗಡಿ. ಇಲ್ಲಿಂದ ಬೋರ್ಡುಗಳಲ್ಲಿ ಮಲಯಾಳ ಶುರು. ಹಿಂದಿನ ಕಾಲದಲ್ಲಿ ಇದೆಲ್ಲ ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳ. ಕಾಸರಗೋಡು ಪ್ರತ್ಯೇಕ ಜಿಲ್ಲೆ ಆದದ್ದು 1984ರಲ್ಲಿ. ಮಕ್ಕಳಿಗೆ ಇಸವಿ ಬೇಡ, ಬೋರ್ಡ್ ಆಟ ಆಡಿಸಿ. ಒಂದೇ ಊರಿಗೆ ಎರಡು ಹೆಸರು ಹುಡುಕಬೇಕು. ನಮ್ಮ ಹೊಸದುರ್ಗ ಅವರಿಗೆ ಕಾಞಂಗಾಡ್. ಮಂಜೇಶ್ವರಕ್ಕೆ ಒಂದು 'ಅಂ' ಸೇರುತ್ತದೆ. ಕುಂಬಳೆಗೆ ಕೊನೆಯ 'ಎ' ಹೋಗಿ ಕುಂಬಳ. ಹೆಸರು ಹೇಳಿ ದಾರಿ ಕೇಳುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಭಾಷೆ ಬರದಿದ್ದರೆ ಹೆದರಬೇಡಿ, ಗಡಿಯ ಈ ಭಾಗದಲ್ಲಿ ಅಂಗಡಿಯವರಿಗೆ ಕನ್ನಡ, ತುಳು, ಮಲಯಾಳ ಮೂರೂ ನಾಲಿಗೆ ತುದಿಯಲ್ಲಿರುತ್ತವೆ.

ಈ ರಸ್ತೆಯ ಕಾಡಿನ ಭಾಗವನ್ನು ಬೆಳಕಿರುವಾಗಲೇ ದಾಟಿ. ಕಾರಡ್ಕ, ಮುಳಿಯಾರು ಕಡೆಯ ತೋಟಗಳಿಗೆ ಈಚಿನ ವರ್ಷಗಳಲ್ಲಿ ಆನೆ ಇಳಿಯುತ್ತಿದೆ. ಮುಸ್ಸಂಜೆ ಹೊತ್ತಿಗೆ "ಒಂದು ಫೋಟೋ" ಅಂತ ನಿಲ್ಲಿಸುವ ಜಾಗ ಅದಲ್ಲ. ಅಡೂರಿನಲ್ಲಿ ಹೊಳೆ ಬದಿಗೆ ಮಹಾಲಿಂಗೇಶ್ವರ ದೇವಸ್ಥಾನ ಇದೆ, ಚಂದದ ಜಾಗ. ಆದರೆ ಅಷ್ಟು ಹೊತ್ತಿಗೆ ಮಕ್ಕಳಿಗೆ ಸುಸ್ತಾಗಿರುತ್ತದೆ, ಈ ಸಲ ಬಿಡಿ. ಮುಳ್ಳೇರಿಯದಿಂದ ಬಲಕ್ಕೆ ಬದಿಯಡ್ಕ. ನಾಲ್ಕು ಗಂಟೆಗೆ ಮನೆ ಅಂಗಳದಲ್ಲಿ ಕಾಫಿ.

ಎರಡನೇ ದಿನ ಬೆಳಿಗ್ಗೆ ಒಂದೇ ಜಾಗ, ಅನಂತಪುರ. ಕುಂಬಳೆ ರಸ್ತೆಯಲ್ಲಿ ಸೀತಾಂಗೋಳಿ ದಾಟಿ ನಾಯ್ಕಾಪಿನ ಹತ್ತಿರ ಒಳಗೆ ಹೋಗಬೇಕು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬೋಳು ಗುಡ್ಡೆ, ಅದರ ನಡುವೆ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಅನ್ನುವುದು ಊರಿನ ನಂಬಿಕೆ. ಇಲ್ಲಿಯ ಮೂರ್ತಿ ಕಲ್ಲಿನದ್ದಲ್ಲ, ಗಿಡಮೂಲಿಕೆ, ಅಂಟು ಎಲ್ಲ ಸೇರಿಸಿ ಮಾಡುವ ಕಡುಶರ್ಕರ ಪಾಕದ್ದು. ಈ ಕೆರೆಯಲ್ಲಿ ಹೆಸರಾದ ಒಂದು ಮೊಸಳೆ ಇತ್ತು, ಮಗಳು ಕೇಳುವುದು ಅದನ್ನೇ ಅಲ್ವಾ? ನೈವೇದ್ಯದ ಅನ್ನ ತಿನ್ನುತ್ತಿದ್ದ ಆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತುಹೋಯಿತು. ಮನುಷ್ಯರಿಗೆ ಬರುವ ಹಾಗೆ ಜನ ಅದರ ಕೊನೆಯ ದರ್ಶನಕ್ಕೆ ಬಂದಿದ್ದರು. ಮುಂದಿನ ವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಂಡರೆ ಅದೃಷ್ಟ, ಕಾಣದಿದ್ದರೆ ಕೆರೆಯ ಮೀನು ನೋಡಿ. "ಖಂಡಿತ ತೋರಿಸುತ್ತೇನೆ" ಅಂತ ಮಗಳಿಗೆ ಮಾತ್ರ ಹೇಳಿಬಿಡಬೇಡಿ.

ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಒಂದು ಸಲ ಶಿವಮೊಗ್ಗದ ಕುಟುಂಬವನ್ನು ಮಧ್ಯಾಹ್ನ ಒಂದಕ್ಕೆ ಇಲ್ಲಿಗೆ ಕರೆತಂದೆ. ಗುಡಿಯ ಬಾಗಿಲು ಮುಚ್ಚಿತ್ತು. ತೆಗೆಯುವುದು ಸಂಜೆಗೆ. ಕಾಯುವ ಬದಲು ಬೇಕಲಕ್ಕೆ ಹೊಡೆದೆ. ಏಪ್ರಿಲ್ ತಿಂಗಳು, ಎರಡು ಗಂಟೆ, ಕೋಟೆಯೊಳಗೆ ನೆರಳೇ ಇಲ್ಲ. ಅವರ ಅಜ್ಜಿ ತಲೆ ಸುತ್ತಿ ಕೂತುಬಿಟ್ಟರು. ಮೂರು ಬೊಂಡ ಕುಡಿಸಿದ ಮೇಲೆ ಎದ್ದರು, "ನಿನ್ನ ಕೋಟೆ ಕಟ್ಟಿದವನಿಗೆ ಒಂದು ಮರ ನೆಡಲು ಆಗಲಿಲ್ಲವಾ?" ಅಂದರು. ಅಂದಿನಿಂದ ನನ್ನ ನಿಯಮ: ಬೆಳಿಗ್ಗೆ ಒಂದು, ಸಂಜೆ ಒಂದು. ಹನ್ನೆರಡರಿಂದ ನಾಲ್ಕರವರೆಗೆ ಮನೆ, ಊಟ, ನಿದ್ದೆ. ಈ ಕಡೆಯ ದೇವಸ್ಥಾನಗಳೂ ಅದೇ ಲೆಕ್ಕದಲ್ಲಿ ಮುಚ್ಚಿ ತೆಗೆಯುತ್ತವೆ. ಗಂಡಸರು ಒಳಗೆ ಹೋಗುವಾಗ ಅಂಗಿ ಬನಿಯನ್ ತೆಗೆಯಬೇಕಾಗುತ್ತದೆ, ಒಂದು ಪಂಚೆ ಕಾರಿನಲ್ಲಿರಲಿ.

ಆ ಮಧ್ಯಾಹ್ನ ಎಲ್ಲಿಗೂ ಹೋಗದೆ ನೋಡುವಂಥದ್ದೊಂದಿದೆ. ಭಾವನವರ ತೋಟದಲ್ಲಿ ಸುರಂಗ ಇದೆಯಾ ಕೇಳಿ. ಅವರಲ್ಲಿ ಇಲ್ಲದಿದ್ದರೆ ಪೆರ್ಲ, ಪಡ್ರೆ, ಬಾಯಾರು ಕಡೆಯ ನೆಂಟರ ಮನೆಯಲ್ಲಿ ಇದ್ದೇ ಇರುತ್ತದೆ. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಗುಡ್ಡೆಯೊಳಗೆ ಅಡ್ಡ ಹೋಗುತ್ತದೆ. ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕಡಿಯುತ್ತಾ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ, ನೀರಿನ ಒರತೆ ಸಿಗುವವರೆಗೆ. ಆ ನೀರು ಪಂಪಿಲ್ಲದೆ ತಾನಾಗಿ ಹರಿದು ಹೊರಗಿನ ಮಣ್ಣಿನ ಕೆರೆಗೆ ಬೀಳುತ್ತದೆ. ಅಡಿಕೆ ತೋಟ ಬದುಕಿದ್ದೇ ಅದರಲ್ಲಿ.

ಬೆಂಗಳೂರಿನ ಒಬ್ಬರು ಸಾಫ್ಟ್‌ವೇರ್‌ನವರನ್ನು ಮಗಳ ಜೊತೆ ಪೆರ್ಲದ ಹತ್ತಿರ ಒಂದು ಮನೆಗೆ ಕರೆದುಕೊಂಡು ಹೋಗಿದ್ದೆ. ಮನೆಯ ಅಜ್ಜ ಟಾರ್ಚ್ ಹಿಡಿದು ಮುಂದೆ, ಹುಡುಗಿ ಹಿಂದೆ. ನೀರು ಪಾದ ಮುಚ್ಚುವಷ್ಟು, ತಣ್ಣಗೆ. ಗೋಡೆಯಲ್ಲಿ ಪಿಕ್ಕಾಸಿನ ಗುರುತು ಸಾಲಾಗಿ, ನಿನ್ನೆ ಕಡಿದ ಹಾಗೆ. ಹತ್ತು ಹೆಜ್ಜೆ ಹೋದ ಮೇಲೆ ಅಜ್ಜ ಟಾರ್ಚ್ ಆರಿಸಿ "ಕೇಳು" ಅಂದರು. ಟಪ್, ಟಪ್. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಹೊರಗೆ ಬಂದು ಅಪ್ಪನಿಗೆ ಅವಳು ಹೇಳಿದ್ದು, "ಗುಡ್ಡೆಗೆ ಬೆವರು ಬರುತ್ತದೆ." ಬೇಕಲದಲ್ಲಿ ಅವರು ತೆಗೆದ ಇನ್ನೂರು ಫೋಟೋ ಎಲ್ಲಿದೆಯೋ ಗೊತ್ತಿಲ್ಲ. ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ, ಫೋನ್ ಮಾಡಿದಾಗಲೆಲ್ಲ ಆ ಅಜ್ಜನನ್ನು ಕೇಳುತ್ತಾಳೆ.

ಮನೆಯವರಿಲ್ಲದೆ ಮಾತ್ರ ಒಳಗೆ ಹೋಗಬಾರದು. ಹಾಳು ಬಿದ್ದ ಸುರಂಗಕ್ಕಂತೂ ಇಣುಕುವುದೂ ಬೇಡ. ಬಾವಲಿ, ಹಾವು ಇರುತ್ತವೆ, ಗಾಳಿ ಸಾಲದು, ಮೇಲಿನ ಮಣ್ಣು ಕುಸಿಯಲೂಬಹುದು. ಅತ್ತೆಯವರು ಹೊರಗೇ ಕುರ್ಚಿ ಹಾಕಿ ಕೂರಲಿ. ಮದುವೆಯಾಗಿ ಬಂದ ಹೊಸದರಲ್ಲಿ ಈ ನೀರನ್ನು ಹೇಗೆ ಹೊರುತ್ತಿದ್ದರು ಅಂತ ಕೇಳಿ. ಅವರೇ ನಿಮ್ಮ ಗೈಡ್. ಆಮೇಲೆ, ಅವರಿಗೆ ಯಾರನ್ನು ನೋಡಬೇಕು ಅಂತ ಆಸೆಯಿದೆ, ಅದನ್ನೂ ಕೇಳಿ. ಹಳೆಯ ಗೆಳತಿಯೋ, ತಂಗಿಯೋ. ಎಂಟು ಕಿಲೋಮೀಟರ್ ಸುತ್ತು ಬಳಸಾದರೂ ಹೋಗಿ. ಹೋದ ಸಲದ ಏಳು ಜಾಗಗಳಲ್ಲಿ ಅವರು ಹೇಳಿದ ಜಾಗ ಎಷ್ಟಿತ್ತು?

ಸಂಜೆ ಐದರ ಮೇಲೆ ಮಧೂರು. ಮೂರು ಅಂತಸ್ತಿನ ತಾಮ್ರದ ಮಾಡು, ಹಿಂಬದಿ ಆನೆಯ ಬೆನ್ನಿನ ಹಾಗೆ ಗುಂಡಗೆ, ಅದಕ್ಕೇ ಗಜಪೃಷ್ಠ ಅನ್ನುವುದು. ಎದುರಿಗೆ ಮಧುವಾಹಿನಿ ಹೊಳೆ. ದೇವರು ಈಶ್ವರ, ಹೆಸರಾದವನು ಮಗ ಗಣಪತಿ. ಪೂಜೆಗೆ ಬಂದ ಹುಡುಗನೊಬ್ಬ ಗೋಡೆಯ ಮೇಲೆ ಆಡುತ್ತಾ ಬಿಡಿಸಿದ ಗಣಪತಿಯೇ ಬೆಳೆದ ಅನ್ನುವ ಕತೆ ಮಗಳಿಗೆ ಇಷ್ಟವಾಗುತ್ತದೆ. ಮನೆಗೆ ಬಂದ ಮೇಲೆ ಗೋಡೆಗೆ ಕ್ರೇಯಾನ್ ಹಿಡಿದರೆ ನನ್ನನ್ನು ಬೈಯಬೇಡಿ. ಇಲ್ಲಿಯ ಪ್ರಸಾದ ಅಪ್ಪ. ಬೆಲ್ಲದ್ದು, ತುಪ್ಪದ ಘಮ. 2025ರಲ್ಲಿ ಮೂಡಪ್ಪ ಸೇವೆ ಆದಾಗ ಗಣಪತಿಯನ್ನೇ ಅಪ್ಪದಲ್ಲಿ ಮುಚ್ಚಿದ್ದರು. ಅದಕ್ಕೆ ಹಿಂದೆ ಆದದ್ದು 1992ರಲ್ಲಿ, ಆಗ ನಾನು ಜೀಪಿನಲ್ಲಿ ಜನ ಹೊತ್ತೂ ಹೊತ್ತೂ ನಿದ್ದೆಗೆಟ್ಟಿದ್ದೆ.

ಮೂರನೇ ದಿನ ಬೇಕಲ. ಎಲ್ಲರೂ ಸೂರ್ಯಾಸ್ತಕ್ಕೆ ಹೋಗಿ ಅನ್ನುತ್ತಾರೆ, ನಾನು ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುವಾಗ ಅಲ್ಲಿರಿ ಅನ್ನುತ್ತೇನೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲು ಕೋಟೆ ನಿಮ್ಮದೇ. ಬಿಸಿಲೂ ಎಳೆಯದು. ಸುಮಾರು 40 ಎಕರೆ, ಕೇರಳದಲ್ಲಿ ಇದಕ್ಕಿಂತ ದೊಡ್ಡ ಕೋಟೆ ಇಲ್ಲ. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಅರಮನೆ ಹುಡುಕಬೇಡಿ, ಇದು ಕಾವಲಿಗೆ ಕಟ್ಟಿದ್ದು. ನಡುವಿನ ಎತ್ತರದ ಬುರುಜಿಗೆ ಅಗಲವಾದ ಇಳಿಜಾರು ದಾರಿ ಇದೆ. ಮಂಡಿ ನೋವಿನವರಿಗೆ ಒತ್ತಾಯ ಬೇಡ. ಬಾಗಿಲ ಹತ್ತಿರ ಮುಖ್ಯಪ್ರಾಣನ ಗುಡಿ ಇದೆ, ಅತ್ತೆಯವರು ಅಲ್ಲೇ ಕೂತು ಹೋಗಿ ಬರುವವರನ್ನು ನೋಡುತ್ತಿರಲಿ. ಅದೂ ಒಂದು ನೋಟವೇ. ಒಂದೂವರೆ ಗಂಟೆ ಸಾಕು.

ಹಿಂದೆ ಬರುವಾಗ ಹೆದ್ದಾರಿ ಹಿಡಿಯಬೇಡಿ. ಆರು ಲೇನಿನ ಹೊಸ ರಸ್ತೆ ಬಂದ ಮೇಲೆ ವೇಗ ಬಂತು, ನಿಲ್ಲಿಸುವುದು ಹೋಯಿತು. ಒಂದು ಚಾ ಅಂಗಡಿ ಕಂಡು "ನಿಲ್ಲಿಸಿ" ಅನ್ನುವಷ್ಟರಲ್ಲಿ ದಾಟಿರುತ್ತೀರಿ. ಸರ್ವಿಸ್ ರಸ್ತೆಗೆ ಮೊದಲೇ ಇಳಿಯಬೇಕು, ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಬೇಕು. ಕರಾವಳಿಯ ಹಳೆಯ ದಾರಿಯಲ್ಲೇ ಮೇಲ್ಪರಂಬಕ್ಕೆ ಬನ್ನಿ. ಅಲ್ಲಿ ಗುಡ್ಡೆಯ ಮೇಲೆ ಚಂದ್ರಗಿರಿ ಕೋಟೆ, ಇದೂ ಶಿವಪ್ಪ ನಾಯಕನದ್ದೇ. ಬೇಕಲದ ಎದುರು ತುಂಬ ಚಿಕ್ಕದು, ಜನವೂ ಕಡಿಮೆ. ಮಕ್ಕಳನ್ನು ಮೇಲೆ ಹತ್ತಿಸಿ. ಕೆಳಗೆ ತೆಂಗಿನ ತೋಟಗಳ ನಡುವೆ ಅಗಲವಾಗಿ, ಅಲುಗಾಡದ ಹಾಗೆ ಬಿದ್ದಿರುವ ನೀರು, ರೈಲು ಸೇತುವೆ, ಆಚೆಗೆ ಅಳಿವೆ, ಸಮುದ್ರ. ಮಗನನ್ನು ಕೇಳಿ, ಇದು ಯಾವ ಹೊಳೆ ಅಂತ. ಹಿಂದಿನ ಕಾಲದಲ್ಲಿ ತುಳುನಾಡು ಮುಗಿದು ಮಲಯಾಳ ಶುರುವಾಗುವ ಗಡಿ ಅಂತ ಇದನ್ನೇ ಹೇಳುತ್ತಿದ್ದರು.

ಸೇತುವೆ ದಾಟಿ ತಳಂಗರೆ ಕಡೆ ಹೊಳೆಯ ದಡಕ್ಕೆ ಹೋಗಿ. ಈಗ ಬಾಗಿಲಿನ ಗೂಡಿನ ಕಲ್ಲು ತೆಗೆಯಿರಿ. ಕೊಯನಾಡಿನಲ್ಲಿ ಮುಷ್ಟಿ ಗಾತ್ರ, ಇಲ್ಲಿ ದಡದ ಮರಳನ್ನು ಇನ್ನೊಂದು ಅಂಗೈಯಲ್ಲಿ ಹಿಡಿಯಲಿ. ನಡುವೆ ಅಷ್ಟೂ ದೂರದ ಉರುಳಾಟ. ಪಾಠ ಮಾಡಬೇಡಿ, ಅವನೇ ನೋಡಿಕೊಳ್ಳುತ್ತಾನೆ. ಮಗಳು ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು.

ಅಲ್ಲಿಂದ ಚೆರ್ಕಳ ಮೇಲೆ ಮನೆಗೆ ಬರುವಾಗ ಎಡನೀರು ಸಿಗುತ್ತದೆ. ಮಠದ ಎದುರು ಐದು ನಿಮಿಷ ನಿಲ್ಲಿಸಿದರೂ ಸಾಕು. ಭೂಸುಧಾರಣೆಯ ವಿಷಯದಲ್ಲಿ ಇಲ್ಲಿಯ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ಕೇಸಿನಲ್ಲಿ 13 ನ್ಯಾಯಾಧೀಶರು ಕೂತು 1973ರಲ್ಲಿ ತೀರ್ಪು ಕೊಟ್ಟರು. ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ ಅಂತ. ವಕೀಲಿ ಓದುವವರೆಲ್ಲ ಬಾಯಿಪಾಠ ಮಾಡುವ ಹೆಸರು. ಊರಿನವರಿಗೆ ಅವರು ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತಿದ್ದ ಸ್ವಾಮಿಗಳು. ಡಿಸೆಂಬರಿನಲ್ಲಿ ಮೇಳಗಳು ತಿರುಗಾಟದಲ್ಲಿರುತ್ತವೆ. ಹತ್ತಿರ ಎಲ್ಲಾದರೂ ಯಕ್ಷಗಾನದ ಆಟ ಇದ್ದರೆ ಕೊನೆಯ ರಾತ್ರಿ ಅದಕ್ಕೇ ಇಡಿ. ಒಂದು ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಬರುವವರೆಗೆ ಮಗಳು ಎಚ್ಚರ ಇದ್ದರೆ ಸಾಕು.

ರಾಣಿಪುರದ ಬೆಟ್ಟ ಬೇಡವೇ ಬೇಡ, ಅಲ್ಲಿ ಹತ್ತಿ ನಡೆಯಬೇಕು. ಮಂಜೇಶ್ವರದ ಗೋವಿಂದ ಪೈಗಳ ಮನೆ ನೋಡಬೇಕಾದ್ದೇ, ಆದರೆ ಮಂಗಳೂರಿನ ಕಡೆಯಿಂದ ಬರುವಾಗ ನೋಡಿ.

ಸಣ್ಣಪುಟ್ಟದ್ದು ಉಳಿಯಿತು. ಅತ್ತೆಯವರು "ಈಗ ಬೇಡ" ಅಂದರೂ ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ನಿಲ್ಲಿಸಿ. ವಯಸ್ಸಾದವರು ನಿಮಗೆ ತೊಂದರೆ ಆಗಬಾರದು ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಕೇರಳದಲ್ಲಿ 'ಟೇಕ್ ಎ ಬ್ರೇಕ್' ಅಂತ ಬೋರ್ಡ್ ಕಂಡರೆ ಅದು ಪಂಚಾಯತಿನ ವಿಶ್ರಾಂತಿ ಕಟ್ಟಡ, ಅಲ್ಲಿ ನಿಲ್ಲಿಸಿ. ಹಳೆಯ ಟವೆಲ್ ಎರಡು, ಪ್ಲಾಸ್ಟಿಕ್ ಕವರ್ ನಾಲ್ಕು, ಮಗಳ ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವಲ್ಲಿರಲಿ. ಪೆಟ್ರೋಲು ಕೇರಳದಲ್ಲಿ ಲೀಟರಿಗೆ ಕೆಲವು ರೂಪಾಯಿ ಜಾಸ್ತಿ. ಬರುವಾಗ ಸುಳ್ಯದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಹಿಂದೆ ಹೋಗುವಾಗ ಜಾಲ್ಸೂರು ದಾಟುವವರೆಗೆ ತಡೆದುಕೊಳ್ಳಿ.